ಅಡಿಕೆ ಬುಡದ ಅಣಬೆ, ಬದುವಿನ ನೆಲನೆಲ್ಲಿ ಮತ್ತು ಕಾಮಾಲೆ



ಕಳೆದ ಮಳೆಗಾಲದ ಒಂದು ಮಧ್ಯಾಹ್ನ ಅರಕಲಗೂಡು ತಾಲ್ಲೂಕಿನ ಸದಸ್ಯರೊಬ್ಬರು ಸಂಘದ ಕಚೇರಿಗೆ ಬಂದು ಹಳೆಯ ಗೊಬ್ಬರದ ಚೀಲವೊಂದನ್ನು ನಮ್ಮ ಮೇಜಿನ ಮೇಲೆ ಬಿಚ್ಚಿದರು. ಒಳಗೆ ನಾಲ್ಕೈದು ಅಣಬೆಗಳಿದ್ದವು. ಮೇಲ್ಭಾಗ ಕೆಂಗಂದು, ವಾರ್ನಿಷ್ ಬಳಿದ ಹಾಗೆ ಹೊಳಪು, ಅಂಚಿಗೆ ಬಿಳಿಯ ಪಟ್ಟಿ, ಮುರಿಯಲು ಹೋದರೆ ಮರದ ತುಂಡಿನಷ್ಟು ಗಟ್ಟಿ. ಅಡಿಕೆ ಬೆಳೆಯುವವರಿಗೆ ಇದರ ಪರಿಚಯ ಹೇಳಬೇಕಾಗಿಲ್ಲ. ಅಣಬೆ ರೋಗ ತಗುಲಿದ ಮರದ ಬುಡದಲ್ಲಿ ಏಳುವ ಅಣಬೆ ಅದು. ಮರಕ್ಕೆ ಮದ್ದು ಕೇಳಲು ಬಂದಿದ್ದಾರೆಂದು ನಾವು ತಿಳಿದೆವು. ಅವರು ಕೇಳಿದ್ದೇ ಬೇರೆ.

"ಸ್ವಾಮಿ, ಮಗನಿಗೆ ಕಾಮಾಲೆ ಆಗಿ ಹನ್ನೆರಡು ದಿನ ಆಯ್ತು. ಈ ಅಣಬೇನೇ ಹೊರದೇಶದೋರು ಲಿವರಿಗೆ ಅಂತ ಮಾತ್ರೆ ಮಾಡಿ ಸಾವಿರಾರು ರೂಪಾಯಿಗೆ ಮಾರ್ತಾರಂತೆ. ನಮ್ ತೋಟದಲ್ಲೇ ಐತಲ್ಲ, ಕುದಿಸಿ ಕಷಾಯ ಕೊಡಬೋದಾ?"

ಅವರ ಮಾತು ಪೂರ್ತಿ ಸುಳ್ಳಲ್ಲ. ಆ ಅಣಬೆಯ ಜಾತಿಗೆ ವಿಜ್ಞಾನದಲ್ಲಿ ಗ್ಯಾನೋಡರ್ಮಾ ಎಂದು ಹೆಸರು. ಚೀನಾದಲ್ಲಿ ಅದರ ಬಳಗದ್ದೇ ಒಂದನ್ನು ಲಿಂಗ್‌ಝಿ ಎಂದೂ ಜಪಾನಿನಲ್ಲಿ ರೈಶಿ ಎಂದೂ ಕರೆದು ಬಹು ಕಾಲದಿಂದ ಔಷಧಿಯಾಗಿ ಬಳಸುತ್ತ ಬಂದಿದ್ದಾರೆ. ಆದರೂ ನಾವು ಅವರಿಗೆ ಹೇಳಿದ್ದು ಇಷ್ಟೇ: "ಮೊದಲು ಹುಡುಗನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ ರಕ್ತ ಪರೀಕ್ಷೆ ಮಾಡಿಸಿ. ಅಲ್ಲಿಯವರೆಗೆ ಇದನ್ನು ಒಲೆಯ ಮೇಲೆ ಇಡಬೇಡಿ." ಅವರು ಮನಸ್ಸಿಲ್ಲದ ಮನಸ್ಸಿನಿಂದ ಚೀಲ ಮಡಚಿಕೊಂಡು ಎದ್ದರು. ಹಾಗೆ ಏಕೆ ಹೇಳಿದೆವು ಎಂಬುದನ್ನು ಎಲ್ಲ ಸದಸ್ಯರಿಗೂ ವಿವರವಾಗಿ ತಿಳಿಸುವುದು ನಮ್ಮ ಕರ್ತವ್ಯವೆನಿಸಿ ಈ ಲೇಖನ ಬರೆಯುತ್ತಿದ್ದೇವೆ.

ಹಳದಿ ಎಲ್ಲವೂ ಒಂದೇ ಅಲ್ಲ

ಅಡಿಕೆ ಸೋಗೆ ಹಳದಿಯಾದರೆ ನಾವು ಏನು ಮಾಡುತ್ತೇವೆ? ಬುಡದಲ್ಲಿ ನೀರು ನಿಂತಿದೆಯೇ, ಬೇರುಹುಳು ಬಿದ್ದಿದೆಯೇ, ಪೊಟ್ಯಾಷ್ ಕಡಿಮೆಯಾಗಿದೆಯೇ, ಅಣಬೆ ರೋಗವೇ, ಹಳದಿ ಎಲೆ ರೋಗವೇ ಎಂದು ನೋಡುತ್ತೇವೆ. ನೋಡದೆ ಎಲ್ಲದಕ್ಕೂ ಒಂದೇ ಗೊಬ್ಬರ ಸುರಿದರೆ ನೀರು ನಿಂತ ಮರ ಸಾಯುತ್ತದೆ, ಬೇರುಹುಳು ಬೆಳೆಯುತ್ತದೆ. ಮನುಷ್ಯನ ಕಣ್ಣು ಹಳದಿಯಾದಾಗ ಮಾತ್ರ ನಾವು ಈ ವಿವೇಕವನ್ನು ಮರೆತು ಬಿಡುತ್ತೇವೆ. ಎಲ್ಲವೂ ಕಾಮಾಲೆ, ಎಲ್ಲಕ್ಕೂ ಒಂದೇ ಸೊಪ್ಪು.

ಕಾಮಾಲೆ ಎಂಬುದು ರೋಗವಲ್ಲ, ರೋಗದ ಸೂಚನೆ. ನಾವು ಈಲಿ ಅಥವಾ ಲಿವರ್ ಎನ್ನುವ ಯಕೃತ್ತು ತನ್ನ ಕೆಲಸ ಮಾಡಲಾರದೆ ಹೋದಾಗ, ಅಥವಾ ಪಿತ್ತನಾಳ ಕಟ್ಟಿಕೊಂಡಾಗ, ಬಿಲಿರುಬಿನ್ ಎಂಬ ಹಳದಿ ವಸ್ತು ರಕ್ತದಲ್ಲಿ ಹೆಚ್ಚಾಗಿ ಕಣ್ಣಿಗೆ ಕಾಣುತ್ತದೆ. ಕಾರಣಗಳು ಹಲವು. ಕೊಳಕು ನೀರು ಮತ್ತು ಆಹಾರದಿಂದ ಬರುವ ಹೆಪಟೈಟಿಸ್ ಎ ಮತ್ತು ಇ ವೈರಸ್‌ಗಳು ಒಂದು ಬಗೆ. ರಕ್ತ, ಶುದ್ಧಿ ಮಾಡದ ಸೂಜಿ, ಇನ್ನೊಬ್ಬರ ಬ್ಲೇಡು, ದೈಹಿಕ ಸಂಪರ್ಕ, ಹೆರಿಗೆಯಲ್ಲಿ ತಾಯಿಯಿಂದ ಮಗು, ಈ ದಾರಿಗಳಲ್ಲಿ ಬರುವ ಬಿ ಇನ್ನೊಂದು ಬಗೆ. ಸಿ ವೈರಸ್ಸು ಮುಖ್ಯವಾಗಿ ರಕ್ತದಿಂದಲೇ ಬರುತ್ತದೆ. ಮದ್ಯಪಾನ, ಬೊಜ್ಜು ಮತ್ತು ಸಕ್ಕರೆ ಕಾಯಿಲೆಯಿಂದ ಯಕೃತ್ತಿನಲ್ಲಿ ಕೊಬ್ಬು ಸೇರುವುದು, ಪಿತ್ತನಾಳದ ಕಲ್ಲು, ಕೆಲವು ಮಾತ್ರೆಗಳ ಅಡ್ಡ ಪರಿಣಾಮ, ಇವು ಉಳಿದ ಕಾರಣಗಳು.

ಇವುಗಳಲ್ಲಿ ಎ ಮತ್ತು ಇ ಬಗೆಯವು ಬಹುಪಾಲು ಜನರಲ್ಲಿ ಕೆಲವು ವಾರಗಳಲ್ಲಿ ತಾವಾಗಿಯೇ ವಾಸಿಯಾಗುತ್ತವೆ. ನಮ್ಮ ಕಡೆ ಮಳೆ ಬಿದ್ದ ಮೇಲೆ, ಜಾತ್ರೆ ಮದುವೆಗಳ ನಂತರ ಕಾಣಿಸುವ ಕಾಮಾಲೆ ಹೆಚ್ಚಾಗಿ ಇವೇ. 1955ರ ಕೊನೆಯಲ್ಲಿ ದೆಹಲಿಯಲ್ಲಿ ಕುಡಿಯುವ ನೀರಿಗೆ ಚರಂಡಿ ನೀರು ಸೇರಿ ಸುಮಾರು 29,000 ಜನರಿಗೆ ಕಾಮಾಲೆ ಬಂದಿತ್ತು. ಅದು ಇ ವೈರಸ್ಸಿನದೆಂದು ಮುಂದೆ ಹಲವು ವರ್ಷಗಳ ಮೇಲೆ ತಿಳಿಯಿತು. ಆಗಲೂ ಬಹುತೇಕ ಎಲ್ಲರೂ ಗುಣವಾದರು. ಆದರೆ ಗರ್ಭಿಣಿಯರಿಗೆ ಈ ಮಾತು ಸಲ್ಲದು. ಕೊನೆಯ ಮೂರು ತಿಂಗಳಲ್ಲಿ ಇ ಬಗೆಯ ಕಾಮಾಲೆ ಬಂದರೆ ನೂರಕ್ಕೆ 20ರಿಂದ 25 ಮಂದಿ ಸಾಯುವ ಅಪಾಯವಿದೆ. ಗರ್ಭಿಣಿಯ ಕಣ್ಣು ಹಳದಿಯಾದರೆ ಅದೇ ದಿನ ಆಸ್ಪತ್ರೆಗೆ ಸೇರಿಸತಕ್ಕದ್ದು.

ತಾನಾಗಿ ವಾಸಿಯಾಗುವ ಕಾಯಿಲೆಗೆ ಕೊಟ್ಟ ಔಷಧಿಗೆಲ್ಲ ಹೆಸರು ಬರುತ್ತದೆ. ಇದನ್ನು ನಾವು ಪುಸ್ತಕದಿಂದ ಕಲಿಯಲಿಲ್ಲ, ಪೆಟ್ಟು ತಿಂದು ಕಲಿತೆವು.

ನಮ್ಮ ಮನೆಯಲ್ಲಿ ನಡೆದದ್ದು

1989ರಲ್ಲಿ ಹಾಸನದಲ್ಲಿ ಪದವಿ ಓದುತ್ತಿದ್ದಾಗ ನಮಗೇ ಕಾಮಾಲೆ ಬಂದಿತ್ತು. ಊರಿಗೆ ಬಂದು ಮಲಗಿದೆವು. ನಮ್ಮ ತಾಯಿಯವರು ಬದುವಿನ ಮೇಲಿನ ನೆಲನೆಲ್ಲಿಯನ್ನು ಬೇರು ಸಮೇತ ಕಿತ್ತು ತೊಳೆದು, ಅರೆದು, ಮಜ್ಜಿಗೆಯಲ್ಲಿ ಕದಡಿ ಬರಿ ಹೊಟ್ಟೆಗೆ ಕುಡಿಸಿದರು. ಉಪ್ಪು, ಎಣ್ಣೆ, ಒಗ್ಗರಣೆ ಬಂದ್. ಒಂದು ತಿಂಗಳಲ್ಲಿ ಕಣ್ಣು ಬೆಳ್ಳಗಾಯಿತು. ಆ ಮೇಲೆ ಇಪ್ಪತ್ತು ವರ್ಷ ಕಾಲ ಯಾರಿಗೆ ಕಾಮಾಲೆ ಬಂದರೂ ನೆಲನೆಲ್ಲಿಯ ಗುಣಗಾನ ಮಾಡುವುದರಲ್ಲಿ ನಾವೇ ಮುಂದು.

2009ರಲ್ಲಿ ಹೊಳೆನರಸೀಪುರ ತಾಲ್ಲೂಕಿನಲ್ಲಿದ್ದ ನಮ್ಮ ಭಾವನವರ ಕಣ್ಣು ಹಳದಿಯಾಯಿತು. ಅಕ್ಕ ಫೋನು ಮಾಡಿದಾಗ, ಆಸ್ಪತ್ರೆ ಬೇಡ, ಇಂಥ ಊರಿನಲ್ಲಿ ಒಳ್ಳೆಯ ನಾಟಿ ಔಷಧಿ ಕೊಡುತ್ತಾರೆ ಎಂದು ಹೇಳಿದವರು ನಾವು. ಕರೆದುಕೊಂಡು ಹೋದವರೂ ನಾವೇ. ಔಷಧಿ ಕೊಟ್ಟವರು ದುರಾಸೆಯವರಲ್ಲ. ಎಲೆ ಅಡಿಕೆಯ ಹೊರತು ಒಂದು ಕಾಸು ಮುಟ್ಟಲಿಲ್ಲ. ನಲವತ್ತು ದಿನ ಪಥ್ಯ ನಡೆಯಿತು. ಹಳದಿ ಒಮ್ಮೆ ಇಳಿದ ಹಾಗಾಗಿ ಮತ್ತೆ ಏರಿತು. ಕಾಲು ಬಾತುಕೊಂಡಿತು, ಹೊಟ್ಟೆಯಲ್ಲಿ ನೀರು ತುಂಬಿತು. ಆಗ ಆಸ್ಪತ್ರೆಗೆ ಹೋದೆವು. ಅವರಿಗೆ ಬಹಳ ವರ್ಷಗಳಿಂದ ಹೆಪಟೈಟಿಸ್ ಬಿ ಇತ್ತು. ಯಕೃತ್ತು ಗಂಟು ಗಂಟಾಗಿ ಕುಗ್ಗಿತ್ತು. ಸಿರೋಸಿಸ್ ಎನ್ನುವುದು ಇದಕ್ಕೇ. ಬಿ ವೈರಸ್ಸನ್ನು ಹದ್ದಿನಲ್ಲಿಡುವ ಮಾತ್ರೆಗಳು ಆ ಹೊತ್ತಿಗಾಗಲೇ ಬಂದಿದ್ದವು. ಆದರೆ ನಲವತ್ತು ದಿನದ ಸಪ್ಪೆ ಅನ್ನದಿಂದ ಅವರ ಮೈಯ ಮಾಂಸವೆಲ್ಲ ಕರಗಿ, ಚಿಕಿತ್ಸೆ ತಾಳುವ ಶಕ್ತಿ ಉಳಿದಿರಲಿಲ್ಲ. ಮರು ವರ್ಷ ತೀರಿಕೊಂಡರು.

ಮೊದಲೇ ಹೋಗಿದ್ದರೆ ಉಳಿಯುತ್ತಿದ್ದರು ಎಂದು ನಾವು ಹೇಳಲಾರೆವು. ಅವರಿಗೆ ಉಳಿಯುವ ಒಂದು ಅವಕಾಶವಿತ್ತು, ಅದನ್ನು ಕಳೆದವರು ನಾವು ಎಂಬುದು ನಿಜ. ವೈದ್ಯರ ಸಲಹೆಯಂತೆ ಮನೆಯವರೆಲ್ಲರ ರಕ್ತ ನೋಡಿದಾಗ ಕಿರಿಯ ಮಗನಲ್ಲೂ ಆ ವೈರಸ್ಸು ಇತ್ತು. ಅವನು ಆಗಿನಿಂದ ತಪ್ಪದೆ ತಪಾಸಣೆಗೆ ಹೋಗುತ್ತಾನೆ. ಈಗ ದಿನಕ್ಕೊಂದು ಮಾತ್ರೆ ನುಂಗುತ್ತಾನೆ, ತೋಟವನ್ನೂ ನೋಡಿಕೊಳ್ಳುತ್ತಾನೆ. ತಂದೆಗೆ ಸಿಗದ ಕಾಲಾವಕಾಶ ಮಗನಿಗೆ ಸಿಕ್ಕಿತು.

ನೆಲನೆಲ್ಲಿಯ ಪರೀಕ್ಷೆ

ಹಾಗಾದರೆ ನೆಲನೆಲ್ಲಿ ಸುಳ್ಳೇ? ಅದರ ಕಥೆಯನ್ನು ತಿಳಿದರೆ ಯಾರನ್ನೂ ಹಗುರವಾಗಿ ಕಾಣಲು ಮನಸ್ಸು ಬರುವುದಿಲ್ಲ.

ಹೆಪಟೈಟಿಸ್ ಬಿ ವೈರಸ್ಸಿನ ಗುರುತನ್ನು ಮೊದಲು ಕಂಡುಹಿಡಿದವರು ಅಮೆರಿಕದ ಬರೂಕ್ ಬ್ಲೂಂಬರ್ಗ್. ಅದಕ್ಕಾಗಿ 1976ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಬಂದಿತು. ಅವರ ಜನ್ಮದಿನವಾದ ಜುಲೈ 28ನ್ನೇ ವಿಶ್ವ ಹೆಪಟೈಟಿಸ್ ದಿನವಾಗಿ ಆಚರಿಸುತ್ತಾರೆ. ಇಂಥ ವಿಜ್ಞಾನಿ ನಮ್ಮ ಬದುವಿನ ಸೊಪ್ಪನ್ನು ಕಡೆಗಣಿಸಲಿಲ್ಲ. ಮದರಾಸಿನ ಎಸ್.ಪಿ. ತ್ಯಾಗರಾಜನ್ ಅವರೊಡನೆ ಸೇರಿ ಫಿಲ್ಲಾಂಥಸ್ ಅಮಾರಸ್, ಎಂದರೆ ನೆಲನೆಲ್ಲಿಯ ಮೇಲೆ ಕೆಲಸ ಮಾಡಿದರು. 1988ರಲ್ಲಿ ಇಂಗ್ಲೆಂಡಿನ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟವಾಯಿತು. ಬಿ ವೈರಸ್ಸನ್ನು ಹೊತ್ತ ಜನರಿಗೆ ಒಣಗಿಸಿ ಪುಡಿ ಮಾಡಿದ ನೆಲನೆಲ್ಲಿಯನ್ನು 200 ಮಿಲಿಗ್ರಾಂನಂತೆ ದಿನಕ್ಕೆ ಮೂರು ಬಾರಿ, 30 ದಿನ ಕೊಟ್ಟಾಗ, 37 ಮಂದಿಯಲ್ಲಿ 22 ಮಂದಿಯ ರಕ್ತದಲ್ಲಿ ವೈರಸ್ಸಿನ ಗುರುತು ಕಾಣದಾಯಿತು. ಬರೀ ತೋರಿಕೆಯ ಔಷಧಿ ಪಡೆದ 23 ಮಂದಿಯಲ್ಲಿ ಹಾಗಾದದ್ದು ಒಬ್ಬರಿಗೆ ಮಾತ್ರ.

ಜಗತ್ತೆಲ್ಲ ಕಿವಿ ನಿಮಿರಿಸಿತು. ಥಾಯ್ಲೆಂಡಿನಲ್ಲಿ 1990ರಲ್ಲಿ, ನ್ಯೂಜಿಲೆಂಡಿನಲ್ಲಿ 1994ರಲ್ಲಿ ಇದೇ ಪ್ರಯೋಗವನ್ನು ಮತ್ತೆ ಮಾಡಿ ನೋಡಿದರು. ಅಲ್ಲಿ ಆ ಫಲ ಸಿಗಲಿಲ್ಲ. ಮುಂದೆ ನಡೆದ ಪರಿಶೀಲನೆಗಳಲ್ಲಿಯೂ ನೆಲನೆಲ್ಲಿಯಿಂದ ಬಿ ವೈರಸ್ಸು ಹೋಗುತ್ತದೆಂದು ಒಪ್ಪುವಂಥ ಆಧಾರ ದೊರೆಯಲಿಲ್ಲ. ಒಂದು ತೋಟದಲ್ಲಿ ಒಂದು ವರ್ಷ ಇಳುವರಿ ಕೊಟ್ಟ ತಳಿಯನ್ನು ನಾವು ಇನ್ನೆರಡು ತೋಟದಲ್ಲಿ, ಇನ್ನೆರಡು ವರ್ಷ ನೋಡಿಯೇ ನಂಬುತ್ತೇವಲ್ಲವೇ? ಔಷಧಿಗೂ ಅದೇ ನ್ಯಾಯ.

ಉಳಿದ ಗಿಡಮೂಲಿಕೆಗಳ ಸ್ಥಿತಿಯೂ ಹೆಚ್ಚು ಕಡಿಮೆ ಇದೇ. ನಮ್ಮ ಗದ್ದೆ ಬದುಗಳ ಗರುಗದ ಸೊಪ್ಪು, ನೆಲಬೇವು, ಹಿಮಾಲಯದ ಕಟುಕರೋಹಿಣಿ, ಇವೆಲ್ಲ ಆಯುರ್ವೇದದಲ್ಲಿ ಯಕೃತ್ತಿಗೆ ಹೇಳಿದ ಮೂಲಿಕೆಗಳೇ. ನಾವು ಕಾಫಿಪುಡಿಗೆ ಬೆರೆಸುವ ಚಿಕೋರಿಯನ್ನು ಯುನಾನಿ ವೈದ್ಯರು ಕಾಸನಿ ಎಂದು ಕರೆದು ಯಕೃತ್ತಿನ ಔಷಧಿಗಳಲ್ಲಿ ಸೇರಿಸುತ್ತಾರೆ. ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆ ಕಟುಕರೋಹಿಣಿಯಿಂದ ಪಿಕ್ರೋಲಿವ್ ಎಂಬ ಸತ್ವ ತೆಗೆದು ಅಭ್ಯಾಸ ಮಾಡಿದೆ. ಇಲಿಗಳಲ್ಲಿ, ಗಾಜಿನ ನಳಿಕೆಗಳಲ್ಲಿ ಇವುಗಳ ಗುಣ ಕಂಡಿದೆ. ಮನುಷ್ಯರಲ್ಲಿ ದೊಡ್ಡ ಪ್ರಮಾಣದ ಪರೀಕ್ಷೆಗಳು ಸಾಲದು.

ಡಾಕ್ಟರುಗಳು ಬರೆದುಕೊಡುವ ಸಿಲಿಮರಿನ್ ಮಾತ್ರೆಯೂ ಗಿಡದ್ದೇ. ಮಿಲ್ಕ್ ಥಿಸಲ್ ಎಂಬ ಮುಳ್ಳುಗಿಡದ ಬೀಜದಿಂದ ತೆಗೆದದ್ದು. ವಿಷದ ಅಣಬೆ ತಿಂದು ಯಕೃತ್ತು ಕೆಟ್ಟವರಿಗೆ ಯೂರೋಪಿನ ಆಸ್ಪತ್ರೆಗಳಲ್ಲಿ ಇದರ ಸತ್ವವನ್ನು ರಕ್ತನಾಳದ ಮೂಲಕ ಕೊಡುತ್ತಾರೆ. ಆದರೆ ಹೆಪಟೈಟಿಸ್ ಸಿ ರೋಗಿಗಳು 154 ಮಂದಿಯ ಮೇಲೆ ಅಮೆರಿಕದಲ್ಲಿ ನಡೆದು 2012ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ತೋರಿಕೆಯ ಮಾತ್ರೆಗಿಂತ ಇದರಿಂದ ಹೆಚ್ಚಿನ ಗುಣ ಕಾಣಲಿಲ್ಲ. ಒಂದು ರೋಗಕ್ಕೆ ಬಳಸುವುದನ್ನು ಎಲ್ಲ ರೋಗಕ್ಕೂ ಹೊಂದುತ್ತದೆಂದು ತಿಳಿಯಬಾರದು.

ಆದುದರಿಂದ ಇವನ್ನು ಊರುಗೋಲೆಂದು ಭಾವಿಸುವುದು ಸರಿ. ಕಾಲು ಮುರಿದಿದೆಯೇ ಎಂದು ನೋಡದೆ ಊರುಗೋಲು ಕೊಟ್ಟು ನಡೆಸುವುದು ತಪ್ಪು.

ಸೊಪ್ಪೆಂದ ಮಾತ್ರಕ್ಕೆ ಸಾಧುವಲ್ಲ

"ಗುಣ ಆಗದಿದ್ದರೂ ಕೆಡುಕಂತೂ ಇಲ್ಲವಲ್ಲ" ಎಂಬ ಮಾತನ್ನು ನಾವೂ ಎಷ್ಟೋ ಸಲ ಆಡಿದ್ದೇವೆ. ಇದು ಸರಿಯಲ್ಲ. 2020 ಮತ್ತು 2021ರ ಕೊರೋನಾ ಕಾಲದಲ್ಲಿ ಮನೆ ಮನೆಯಲ್ಲಿ ಅಮೃತಬಳ್ಳಿ ಕಷಾಯ ಕುಡಿದದ್ದು ನಿಮಗೆ ನೆನಪಿರಬಹುದು. ಅದೇ ಸಮಯದಲ್ಲಿ ಅಮೃತಬಳ್ಳಿ ಸೇವಿಸಿದ ಕೆಲವರಿಗೆ ಯಕೃತ್ತಿನ ಊತ ಬಂದದ್ದನ್ನು ಮುಂಬಯಿಯ ವೈದ್ಯರು ವರದಿ ಮಾಡಿದರು. 2022ರಲ್ಲಿ ದೇಶದ 13 ಆಸ್ಪತ್ರೆಗಳಿಂದ ಇಂಥ 43 ರೋಗಿಗಳ ವಿವರ ಪ್ರಕಟವಾಯಿತು. ಆಯುಷ್ ಮಂತ್ರಾಲಯ ಅಮೃತಬಳ್ಳಿಯ ಮೇಲಿನ ಈ ದೂರನ್ನು ಒಪ್ಪಲಿಲ್ಲ. ವಾದ ಏನೇ ಇರಲಿ, ಮೊದಲೇ ಯಕೃತ್ತಿನ ಕಾಯಿಲೆ ಇದ್ದವರು ವೈದ್ಯರನ್ನು ಕೇಳದೆ ಅದನ್ನು ದಿನವೂ ಕುಡಿಯಬಾರದೆಂಬುದು ನಮ್ಮ ಅಭಿಪ್ರಾಯ.

ಅರಿಶಿನವೂ ಹಾಗೆಯೇ. ಸಾರಿಗೆ ಹಾಕುವ ಚಿಟಿಕೆ ಅರಿಶಿನದ ಮಾತಲ್ಲ. ಸತ್ವ ತೆಗೆದು ಹತ್ತಾರು ಪಟ್ಟು ಗಟ್ಟಿ ಮಾಡಿದ ಮಾತ್ರೆಗಳ ಮಾತು. ಅಂಥವನ್ನು ಸೇವಿಸಿ ಯಕೃತ್ತು ಕೆಟ್ಟ 10 ಮಂದಿಯ ವಿವರವನ್ನು 2022ರಲ್ಲಿ ಅಮೆರಿಕದ ವೈದ್ಯರು ಪ್ರಕಟಿಸಿದರು; ಅವರಲ್ಲಿ ಒಬ್ಬರು ಸತ್ತರು. ಕೆಲವು ಮಾತ್ರೆಗಳಲ್ಲಿ ಅರಿಶಿನ ಮೈಗೆ ಹೆಚ್ಚು ಹತ್ತಲೆಂದು ಕರಿಮೆಣಸಿನ ಸತ್ವವನ್ನೂ ಸೇರಿಸಿದ್ದರು.

ಬೆಳೆಗಾರರು ಗಮನಿಸಬೇಕಾದ ಇನ್ನೊಂದು ವಿಷಯವಿದೆ. ನೆಲನೆಲ್ಲಿ, ಗರುಗ ಇವು ನಮ್ಮ ತೋಟದಲ್ಲಿ ಕಳೆಗಳು. ಕಳೆನಾಶಕ ಹೊಡೆದ, ಬೋರ್ಡೋ ದ್ರಾವಣ ಸುರಿದ ಪಾತಿಯಲ್ಲಿಯೇ ಅವು ಚಿಗುರುತ್ತವೆ. ಆಳುಗಳು ಹೋದ ವಾರ ಯಾವ ಸಾಲಿಗೆ ಏನು ಹೊಡೆದರೆಂಬುದು ಸೊಪ್ಪು ಕೀಳುವ ಮನೆಯ ಹೆಂಗಸರಿಗೆ ಗೊತ್ತಿರುವುದಿಲ್ಲ.

ಮತ್ತೆ ಅಣಬೆಯ ಮಾತಿಗೆ

ಗ್ಯಾನೋಡರ್ಮಾದಲ್ಲಿ ಬೀಟಾ ಗ್ಲೂಕಾನ್ ಎಂಬ ಸಕ್ಕರೆ ಜಾತಿಯ ವಸ್ತುಗಳೂ ಟ್ರೈಟರ್ಪೀನ್ ಎಂಬ ಕಹಿ ವಸ್ತುಗಳೂ ಇವೆ. ಇವು ಪ್ರಾಣಿಗಳ ಯಕೃತ್ತನ್ನು ಕೆಲವು ವಿಷಗಳಿಂದ ಕಾಪಾಡಿದ್ದನ್ನು ಸಂಶೋಧಕರು ನೋಡಿದ್ದಾರೆ. ರೋಗಿಗಳ ಮೇಲೆ ನಡೆದಿರುವುದು ಸಣ್ಣ ಪ್ರಯೋಗಗಳು. ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಇದರ ಪುಡಿ ಸೇವಿಸಿದ ಒಬ್ಬ ರೋಗಿ ಯಕೃತ್ತು ಪೂರ್ತಿ ಕೆಟ್ಟು ತೀರಿಕೊಂಡದ್ದನ್ನು ಥಾಯ್ಲೆಂಡಿನ ವೈದ್ಯರು 2007ರಲ್ಲಿ ವರದಿ ಮಾಡಿದ್ದಾರೆ. ಯಕೃತ್ತಿಗೆಂದು ಮಾರುವ ವಸ್ತುವೇ ಯಕೃತ್ತನ್ನು ತಿಂದ ಉದಾಹರಣೆ ಇದು.

ನಮ್ಮ ಅಡಿಕೆ ಬುಡದ ಅಣಬೆಗಂತೂ ಇನ್ನೂ ಎರಡು ತೊಡಕುಗಳಿವೆ. ಮೊದಲನೆಯದು, ಚೀನಾದಲ್ಲಿ ಔಷಧಿಗೆ ಬೆಳೆಸುವುದು ಬೇರೆಯೇ ಪ್ರಭೇದವೆಂದು 2012ರಲ್ಲಿ ವಿಜ್ಞಾನಿಗಳು ಗುರುತಿಸಿ ಅದಕ್ಕೆ ಗ್ಯಾನೋಡರ್ಮಾ ಲಿಂಗ್‌ಝಿ ಎಂದು ಹೆಸರಿಟ್ಟಿದ್ದಾರೆ. ನೋಡಲು ಒಂದೇ ಆದರೂ ಗುಣ ಒಂದೇ ಎಂದು ಹೇಳಲಾಗದು. ಎರಡನೆಯದು, ಅಣಬೆ ರೋಗದ ಮರಕ್ಕೆ ನಾವೇ ಏನೇನು ಉಣಿಸಿದ್ದೇವೆಂದು ನೆನೆದುಕೊಳ್ಳಿ. ಹಿಂದೆ ಬೇರಿನ ಮೂಲಕ ಟ್ರೈಡೆಮಾರ್ಫ್ ಕೊಡುತ್ತಿದ್ದೆವು. ಅದನ್ನು 2018ರಲ್ಲಿ ಸರ್ಕಾರ ನಿಷೇಧಿಸಿತು. ಈಗ ಹೆಕ್ಸಕೊನಜೋಲ್ ಕೊಡುವವರಿದ್ದಾರೆ. ಇವೆಲ್ಲ ಅಣಬೆಯನ್ನು ಕೊಲ್ಲಲು ಕೊಟ್ಟ ವಿಷ. ಅಂಥ ಮರದ ಬುಡದ ಅಣಬೆಯನ್ನು ಕುದಿಸಿ ಮಗುವಿಗೆ ಕುಡಿಸಬಹುದೇ?

ಅಣಬೆ ಕಂಡ ಮರವನ್ನು ಬುಡ ಸಮೇತ ತೆಗೆದು ಸುಡುವುದು, ಸುತ್ತ ಎರಡಡಿ ಆಳದ ಕಂದಕ ತೋಡಿ ಪಕ್ಕದ ಮರಗಳಿಂದ ಬೇರ್ಪಡಿಸುವುದು, ಉಳಿದ ಮರಗಳಿಗೆ ವರ್ಷಕ್ಕೆ 2 ಕಿಲೋ ಬೇವಿನ ಹಿಂಡಿ ಹಾಕುವುದು, ನೀರು ಬಸಿಯುವಂತೆ ನೋಡಿಕೊಳ್ಳುವುದು. ಆ ಅಣಬೆಗೆ ಸಲ್ಲಬೇಕಾದ ಉಪಚಾರ ಇಷ್ಟೇ.

ಮೊದಲ ಮಳೆಗೆ ಹುತ್ತದ ಬಳಿ ಏಳುವ ಅಣಬೆಯನ್ನು ಹಿರಿಯರು ಗುರುತು ಹಿಡಿದು ತರುತ್ತಿದ್ದರು. ಆ ಗುರುತು ಈಗಿನವರಿಗೆ ಇಲ್ಲ. ವಿಷದ ಅಣಬೆಗಳಲ್ಲಿ ಕೆಲವು ಮೊದಲ ದಿನ ಬರೀ ವಾಂತಿ ಭೇದಿ ಮಾಡಿಸಿ, ಎರಡನೆಯ ದಿನ ಸುಧಾರಿಸಿದ ಹಾಗೆ ತೋರಿಸಿ, ಮೂರನೆಯ ದಿನ ಯಕೃತ್ತನ್ನು ಕೆಡಿಸುತ್ತವೆ. ಅಣಬೆ ತಿಂದ ಮೇಲೆ ವಾಂತಿಯಾದವರನ್ನು, ವಾಂತಿ ನಿಂತರೂ ಆಸ್ಪತ್ರೆಗೆ ಸೇರಿಸಿರಿ.

ಕಣ್ಣಿಗೆ ಕಾಣದ ಬೂಷ್ಟು

ಅಣಬೆಯ ದೂರದ ಬಂಧುವೊಂದು ನಮ್ಮ ಉಗ್ರಾಣದಲ್ಲಿಯೇ ಇದೆ. ಸರಿಯಾಗಿ ಒಣಗದ ಮುಸುಕಿನ ಜೋಳ, ಕಡಲೆಕಾಯಿ, ಕೊಬ್ಬರಿಯ ಮೇಲೆ ಏಳುವ ಹಸಿರು ಹಳದಿ ಬೂಷ್ಟು ಅದು. ಅದರಿಂದ ಅಫ್ಲಟಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. 1974ರಲ್ಲಿ ಗುಜರಾತಿನ ಪಂಚಮಹಲ್ ಮತ್ತು ರಾಜಸ್ಥಾನದ ಬಾಂಸವಾಡಾ ಜಿಲ್ಲೆಗಳಲ್ಲಿ, ಹೊತ್ತಲ್ಲದ ಹೊತ್ತಿನ ಮಳೆಗೆ ನೆನೆದು ಬೂಷ್ಟು ಹಿಡಿದ ಜೋಳವನ್ನು ತಿಂದ ಬಡ ಕುಟುಂಬಗಳಲ್ಲಿ ಕಾಮಾಲೆ ಹಬ್ಬಿ 106 ಮಂದಿ ಸತ್ತರು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯವರು ಹೋಗಿ ಕಾರಣ ಪತ್ತೆ ಮಾಡಿದರು. ಚನ್ನರಾಯಪಟ್ಟಣದ ಕಡೆಯ ಕೊಬ್ಬರಿಯಾಗಲಿ, ಹಾಸನದ ಸುತ್ತಿನ ಜೋಳವಾಗಲಿ, ಬೂಷ್ಟು ಬಂದದ್ದನ್ನು "ಆಳುಗಳಿಗೆ ಆಯಿತು, ದನಕ್ಕೆ ಆಯಿತು" ಎಂದು ಇಡಬೇಡಿ. ಒರೆಸಿದರೂ ಕುದಿಸಿದರೂ ಆ ವಿಷ ಹೋಗುವುದಿಲ್ಲ.

ನಾವು ಬೆಳೆಯುವ ಎರಡು ಬೆಳೆಗಳು

ಕಾಫಿಯ ಬಗೆಗೆ ಸಂತೋಷದ ಸುದ್ದಿ ಇದೆ. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2016ರಲ್ಲಿ ಲೆಕ್ಕ ಹಾಕಿದಾಗ, ದಿನಕ್ಕೆ ಎರಡು ಲೋಟ ಹೆಚ್ಚು ಕಾಫಿ ಕುಡಿಯುವವರಲ್ಲಿ ಸಿರೋಸಿಸ್ ಬರುವ ಸಂಭವ ಹತ್ತಿರ ಹತ್ತಿರ ಅರ್ಧಕ್ಕೆ ಇಳಿದಿತ್ತು. ಬ್ರಿಟನ್ನಿನ ಸುಮಾರು 4,95,000 ಜನರನ್ನು ವರ್ಷಗಟ್ಟಲೆ ಗಮನಿಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಕಾಫಿ ಕುಡಿಯುವವರಲ್ಲಿ ಯಕೃತ್ತಿನ ಕಾಯಿಲೆ ಕಡಿಮೆ ಕಂಡುಬಂದಿದೆ. ಇವು ಗಮನಿಸಿ ಬರೆದ ಲೆಕ್ಕಗಳು, ಔಷಧಿಯಂತೆ ಕೊಟ್ಟು ಪರೀಕ್ಷಿಸಿದವಲ್ಲ. ಎರಡು ಚಮಚ ಸಕ್ಕರೆ ಸುರಿದ ಕಾಫಿಯಿಂದ ಅದೇ ಫಲ ನಿರೀಕ್ಷಿಸಲೂ ಬಾರದು. ಆದರೂ ಈ ಲೇಖನದಲ್ಲಿ ಬಂದ ಸಸ್ಯಗಳ ಪೈಕಿ ಮನುಷ್ಯರಲ್ಲಿ ಅತಿ ಹೆಚ್ಚು ಆಧಾರ ಇರುವುದು ನಾವು ಬೆಳೆಯುವ ಕಾಫಿಗೇ.

ಅಡಿಕೆಯ ಬಗೆಗೆ ಅಪ್ರಿಯವಾದ ಮಾತನ್ನೂ ಮುಚ್ಚಿಡಬಾರದು. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಅಡಿಕೆಯನ್ನು ಕ್ಯಾನ್ಸರ್‌ಕಾರಕವೆಂದು ವರ್ಗೀಕರಿಸಿತು. ಎಲೆ ಅಡಿಕೆ ಜಗಿಯುವವರಲ್ಲಿ ಸಿರೋಸಿಸ್ ಹೆಚ್ಚೆಂದು ತೈವಾನಿನ ಅಧ್ಯಯನಗಳು ಹೇಳುತ್ತವೆ. ಬೆಳೆಗಾರರ ಸಂಘಟನೆಗಳು ಈ ವರ್ಗೀಕರಣವನ್ನು ಪ್ರಶ್ನಿಸುತ್ತ ಬಂದಿವೆ; ನಮ್ಮ ಹೊಟ್ಟೆಪಾಡು ಅದರ ಮೇಲೆಯೇ ನಿಂತಿದೆ. ಆದರೆ ಮನೆಯಲ್ಲಿ ಯಕೃತ್ತಿನ ರೋಗಿ ಇದ್ದರೆ ಅವರ ಮುಂದಿನ ಎಲೆ ತಟ್ಟೆ ಎತ್ತಿಡುವುದು ಲೇಸು. ಗುಟ್ಕಾ, ತಂಬಾಕು, ಮದ್ಯದ ವಿಷಯವಂತೂ ಹೇಳುವಂತೆಯೇ ಇಲ್ಲ.

ಸದಸ್ಯರು ಮಾಡಬೇಕಾದದ್ದು

1. ಕಣ್ಣು ಅಥವಾ ಮೂತ್ರ ಹಳದಿಯಾದರೆ ಒಂದೆರಡು ದಿನದೊಳಗೆ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಯಾವುದು ಹತ್ತಿರವೋ ಅಲ್ಲಿಯ ಸರ್ಕಾರಿ ಆಸ್ಪತ್ರೆಗೆ ಹೋಗಿರಿ. ಬಿಲಿರುಬಿನ್, ಎಸ್‌ಜಿಪಿಟಿ, ರಕ್ತ ಹೆಪ್ಪುಗಟ್ಟುವ ಸಮಯ, ಹೆಪಟೈಟಿಸ್ ಬಿ ಮತ್ತು ಸಿ, ಇವುಗಳ ಪರೀಕ್ಷೆಯ ಬಗ್ಗೆ ವೈದ್ಯರನ್ನು ಕೇಳಿರಿ.

2. ಮಾತು ತೊದಲುವುದು, ಹಗಲು ನಿದ್ದೆ ರಾತ್ರಿ ಎಚ್ಚರ, ರಕ್ತ ವಾಂತಿ, ಕಪ್ಪು ಮಲ, ಹೊಟ್ಟೆ ಉಬ್ಬುವುದು ಕಂಡರೆ ಆ ಗಂಟೆಯೇ ಹೊರಡಿರಿ.

3. ಬಿ ಮತ್ತು ಸಿ ರೋಗಗಳಿಗೆ ಉಚಿತ ಪರೀಕ್ಷೆ ಮತ್ತು ಔಷಧಿ ಕೊಡುವ ರಾಷ್ಟ್ರೀಯ ಕಾರ್ಯಕ್ರಮ 2018ರ ಜುಲೈ 28ರಂದು ಆರಂಭವಾಗಿದೆ. ಸಿ ರೋಗ ಸಾಮಾನ್ಯವಾಗಿ 12 ವಾರದ ಮಾತ್ರೆಯಿಂದ ವಾಸಿಯಾಗುತ್ತದೆ. ಬಿ ರೋಗವನ್ನು ಮಾತ್ರೆಯಿಂದ ಹದ್ದಿನಲ್ಲಿಡಬಹುದು.

4. ಹುಟ್ಟಿದ ಮಗುವಿಗೆ 24 ಗಂಟೆಯೊಳಗೆ ಬಿ ಲಸಿಕೆ ಹಾಕಿಸಿರಿ. ಹೆರಿಗೆಯಲ್ಲಿ ಈ ಸೋಂಕು ತಗುಲಿದ ಹತ್ತು ಮಕ್ಕಳಲ್ಲಿ ಒಂಬತ್ತು ಮಕ್ಕಳಿಗೆ ಅದು ಖಾಯಂ ಆಗಿ ಉಳಿಯುತ್ತದೆ. ಮನೆಯಲ್ಲಿ ಒಬ್ಬರಿಗೆ ಬಿ ಇದ್ದರೆ ಎಲ್ಲರ ರಕ್ತ ನೋಡಿಸಿರಿ.

5. ಸಪ್ಪೆ ಅನ್ನದ ಪಥ್ಯದಿಂದ ರೋಗಿ ಸೊರಗುತ್ತಾನೆ. ಹೊಟ್ಟೆಯಲ್ಲಿ ನೀರು ತುಂಬಿದವರಿಗೆ ಉಪ್ಪು ಕಡಿಮೆ ಮಾಡಬೇಕು, ನಿಜ. ಆದರೆ ಬೇಳೆ, ಹಾಲು, ಮೊಸರು, ರೂಢಿ ಇದ್ದವರಿಗೆ ಮೊಟ್ಟೆ, ಇವನ್ನು ನಿಲ್ಲಿಸಬಾರದು. ಸಿರೋಸಿಸ್ ಇದ್ದವರು ರಾತ್ರಿ ಮಲಗುವ ಮುಂಚೆ ಸ್ವಲ್ಪ ತಿನ್ನುವುದು ಒಳ್ಳೆಯದು. ಯಾವ ಸೊಪ್ಪಿಗಿಂತಲೂ ಹೆಚ್ಚಿನ ಊರುಗೋಲು ಈ ಊಟ.

6. ಮೂಲಿಕೆಯಲ್ಲಿ ನಂಬಿಕೆ ಇದ್ದವರು ರೋಗ ಯಾವುದೆಂದು ಗೊತ್ತಾದ ಮೇಲೆ ಓದಿದ ಆಯುರ್ವೇದ ವೈದ್ಯರನ್ನು ಕಾಣಿರಿ. ಹಾಸನದಲ್ಲಿ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಆಯುರ್ವೇದ ಕಾಲೇಜು ಮತ್ತು ಆಸ್ಪತ್ರೆಯೇ ಇದೆ. ಏನು ಸೇವಿಸುತ್ತಿದ್ದೀರೆಂದು ಇಬ್ಬರು ವೈದ್ಯರಿಗೂ ಮುಚ್ಚುಮರೆ ಇಲ್ಲದೆ ಹೇಳಿರಿ. ಹೆಸರಿಲ್ಲದ ಪುಡಿ, ಭಸ್ಮಗಳನ್ನು ಮುಟ್ಟಬೇಡಿರಿ.

7. ಮಳೆಗಾಲದಲ್ಲಿ ನೀರನ್ನು ಕುದಿಸಿಯೇ ಕುಡಿಯಿರಿ. ನಾಲೆಯ ನೀರಾಗಲಿ, ತೆರೆದ ಬಾವಿಯ ನೀರಾಗಲಿ, ತೋಟದ ಆಳುಗಳಿಗೂ ಕುದಿಸಿದ್ದನ್ನೇ ಕೊಡಿರಿ.

ಅರಕಲಗೂಡಿನ ಆ ಹುಡುಗನ ವಿಚಾರ ಹೇಳಿ ಮುಗಿಸುತ್ತೇವೆ. ಪರೀಕ್ಷೆಯಲ್ಲಿ ಹೆಪಟೈಟಿಸ್ ಎ ಎಂದು ತಿಳಿಯಿತು. ವಿಶ್ರಾಂತಿ, ಊಟ, ಕುದಿಸಿದ ನೀರು. ಐದನೆಯ ವಾರಕ್ಕೆ ಶಾಲೆಗೆ ಹೋದ. ಆ ದಿನ ನಾವು "ಆಗಲಿ, ಕುದಿಸಿ ಕೊಡಿ" ಎಂದಿದ್ದರೆ, ಅಣಬೆಯಿಂದ ಕೆಡುಕಾಗದಿದ್ದ ಪಕ್ಷದಲ್ಲಿ, ಅವನು ಅದೇ ಐದನೆಯ ವಾರಕ್ಕೆ ಶಾಲೆಗೆ ಹೋಗುತ್ತಿದ್ದ. ಗುಣ ಮಾಡಿದ್ದು ಅಣಬೆಯೆಂದು ನಾಲ್ಕೂ ತಾಲ್ಲೂಕಿನಲ್ಲಿ ಹೆಸರಾಗುತ್ತಿತ್ತು. ಆ ಹೆಸರನ್ನು ನಂಬಿ ನಮ್ಮ ಭಾವನವರಂಥವರು ಇನ್ನೊಬ್ಬರು ನಲವತ್ತು ದಿನ ಕಾಯುತ್ತ ಕೂರುತ್ತಿದ್ದರು.

ಆ ಸದಸ್ಯರು ಮೊನ್ನೆ ಮತ್ತೆ ಬಂದಿದ್ದರು, ಬೇವಿನ ಹಿಂಡಿ ಕೊಳ್ಳಲು. ಎರಡು ಮರ ತೆಗೆದು ಸುಟ್ಟರಂತೆ, ಕಂದಕವನ್ನೂ ತೋಡಿಸಿದ್ದಾರಂತೆ.